ಲೀವ್ ಲೆಟರ್‌ನಲ್ಲಿ ಇನ್ನು ‘ಜ್ವರ’ ಅಂತ ಬರೆಯಲಾರೆ: ಶಿಕ್ಷಣ ಇಲಾಖೆಗೆ ಒಬ್ಬ ತಾಯಿಯ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ, ಇಲಾಖೆಯ ಅಧಿಕಾರಿಗಳಿಗೆ, ರಾಜ್ಯದ ಎಲ್ಲ ಶಾಲೆಗಳ ಮುಖ್ಯ ಶಿಕ್ಷಕರಿಗೆ ನಮಸ್ಕಾರ.

ನಾನು ಮೈಸೂರಿನವಳು. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ನನ್ನ ಯಜಮಾನರು ಇಲ್ಲಿನ ಒಂದು ಲಾಡ್ಜ್‌ನಲ್ಲಿ ಅಡುಗೆ ಕೆಲಸದಲ್ಲಿದ್ದಾರೆ. ನಮಗೆ ಇಬ್ಬರು ಮಕ್ಕಳು, ಮಗಳು ಈಗ ಒಂಬತ್ತನೇ ತರಗತಿ, ಮಗ ಐದನೇ ತರಗತಿ. ಕಳೆದ ನವೆಂಬರಿನಲ್ಲಿ ಇಬ್ಬರನ್ನೂ ಶಾಲೆ ಬಿಡಿಸಿ ಬಾದಾಮಿ, ವಿಜಯಪುರದ ಕಡೆ ಕರೆದುಕೊಂಡು ಹೋಗಿದ್ದೆವು. ಒಟ್ಟು ಆರು ದಿನ. ನಡುವೆ ಬಂದ ಭಾನುವಾರ ಕಳೆದರೆ ಶಾಲೆ ತಪ್ಪಿದ್ದು ಐದು ದಿನ. ಬಂದ ಮೇಲೆ ನಾನು ಶಾಲೆಗೆ ಒಂದು ಸುಳ್ಳು ಪತ್ರ ಬರೆದುಕೊಟ್ಟೆ. ಆ ಸುಳ್ಳು ಇವತ್ತಿಗೂ ಮನಸ್ಸಿನಲ್ಲಿ ಚುಚ್ಚುತ್ತಿದೆ. ಅದಕ್ಕೇ ಎಲ್ಲರೂ ಓದುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ರಜೆ ಇರುವಾಗ ಹೋಗಬಹುದಿತ್ತಲ್ವಾ ಅಂತ ನೀವು ಕೇಳುತ್ತೀರಿ. ನಮ್ಮ ಅತ್ತೆಯೂ ಅದನ್ನೇ ಕೇಳಿದರು. ಹೋದ ವರ್ಷದ (2025–26) ಲೆಕ್ಕವನ್ನೇ ಹೇಳುತ್ತೇನೆ. ಇಲಾಖೆಯ ಕ್ಯಾಲೆಂಡರಿನಲ್ಲಿ ದಸರಾ ರಜೆ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆ, ಬೇಸಿಗೆ ರಜೆ ಏಪ್ರಿಲ್ 11ರಿಂದ ಮೇ 28ರವರೆಗೆ. ಮೈಸೂರಿನಲ್ಲಿ ಲಾಡ್ಜು, ಹೋಟೆಲು, ಆಟೋ, ಟ್ಯಾಕ್ಸಿ ನಂಬಿಕೊಂಡ ಯಾರನ್ನು ಬೇಕಾದರೂ ಕೇಳಿ ನೋಡಿ, ವರ್ಷದಲ್ಲಿ ರಜೆ ಅನ್ನೋ ಮಾತೇ ಎತ್ತಬಾರದ ದಿನಗಳು ಇವೇ. ದಸರಾದಲ್ಲಿ ಊರು ತುಂಬುತ್ತದೆ. ಬೇಸಿಗೆಯಲ್ಲಿ ಊಟಿಗೆ ಹೋಗುವವರು, ಊಟಿಯಿಂದ ಬರುವವರು ಎಲ್ಲರೂ ಇಲ್ಲೇ ಇಳಿಯುತ್ತಾರೆ. ನಮ್ಮ ಯಜಮಾನರು ಬೆಳಗ್ಗೆ ಐದಕ್ಕೆ ಮನೆ ಬಿಟ್ಟರೆ ಬರುವುದು ರಾತ್ರಿ ಹನ್ನೊಂದಕ್ಕೆ. ಮಕ್ಕಳಿಗೆ ರಜೆ ಇರುವ ಅಷ್ಟೂ ದಿನ ಅಪ್ಪ ಅವರಿಗೆ ಕಾಣಿಸುವುದೇ ಇಲ್ಲ. ಅವರಿಗೆ ರಜೆ ಸಿಗುವುದು ದೀಪಾವಳಿ ಗಲಾಟೆ ಮುಗಿದ ಮೇಲೆ ಸ್ವಲ್ಪ ದಿನ, ಆಮೇಲೆ ಮಳೆಗಾಲದಲ್ಲಿ. ಡಿಸೆಂಬರ್ ಬಂತು ಅಂದರೆ ಮತ್ತೆ ಶಾಲಾ ಪ್ರವಾಸದ ಬಸ್ಸುಗಳು ಶುರು. ಉತ್ತರ ಕರ್ನಾಟಕದ ಶಾಲೆಗಳ ಮಕ್ಕಳು ಅರಮನೆ, ಮೃಗಾಲಯ, ಕೆ.ಆರ್.ಎಸ್. ನೋಡಲು ಬರುತ್ತಾರೆ. ಅವರಿಗೆ ಬೆಳಗ್ಗೆ ಆರಕ್ಕೆಲ್ಲ ಉಪ್ಪಿಟ್ಟು ರೆಡಿ ಇರಬೇಕು. ಆ ಮಕ್ಕಳ ವಿಷಯ ಮನೆಗೆ ಬಂದು ಖುಷಿಯಿಂದಲೇ ಹೇಳುತ್ತಾರೆ, ಯಾರು ಎರಡು ಸಲ ಹಾಕಿಸಿಕೊಂಡರು, ಯಾರು ಅಮ್ಮನ ನೆನಪಾಗಿ ಅತ್ತರು ಅಂತ. ಕೇಳುತ್ತಾ ಕೂರುವ ನನ್ನ ಮಗನ ಮುಖ ನೋಡಿದ್ದೇನೆ.

ಇದು ನಮ್ಮೊಬ್ಬರ ಮನೆಯ ಕಥೆ ಅಲ್ಲ. ರಜೆ ಬಂದಾಗ ಎಕ್ಸ್‌ಟ್ರಾ ಬಸ್ ಬಿಡುತ್ತಾರಲ್ಲ, ಅದನ್ನು ಓಡಿಸುವವರಿಗೂ ಮಕ್ಕಳಿದ್ದಾರೆ. ಜಂಬೂ ಸವಾರಿಯ ದಿನ ರಸ್ತೆಯಲ್ಲಿ ಹಗ್ಗ ಹಿಡಿದು ನಿಲ್ಲುವ ಪೊಲೀಸರಿಗೂ ಇದ್ದಾರೆ. ಏಪ್ರಿಲ್, ಮೇ ಅಂದರೆ ಮದುವೆ ಸೀಸನ್. ಪುರೋಹಿತರು, ವಾಲಗದವರು, ಛತ್ರದ ಅಡುಗೆಯವರು, ಹೂವು ಕಟ್ಟುವವರು, ನನ್ನ ಹಾಗೆ ಬ್ಲೌಸ್ ಹೊಲಿಯುವವರು, ಯಾರಿಗೂ ಆಗ ಉಸಿರಾಡಲು ಪುರುಸೊತ್ತಿಲ್ಲ. ಊರೆಲ್ಲಾ ರಜೆ ಮಾಡಲಿ ಅಂತ ದುಡಿಯುವ ಮನೆಗಳ ಮಕ್ಕಳಿಗೆ ಕ್ಯಾಲೆಂಡರಿನಲ್ಲಿ ರಜೆ ಇದೆ. ಆದರೆ ಅಪ್ಪ ಅಮ್ಮನ ಜೊತೆ ಕಳೆಯುವ ರಜೆ ಇಲ್ಲ.

ಇನ್ನೊಂದು ಮಾತು. ನಮ್ಮ ನಾಡು ನೋಡಲು ಚೆನ್ನಾಗಿರುವ ಕಾಲದಲ್ಲಿ ಶಾಲೆ ನಡೆಯುತ್ತಿರುತ್ತದೆ. ಜೋಗಕ್ಕೆ ಏಪ್ರಿಲ್‌ನಲ್ಲಿ ಹೋದರೆ ಕಾಣುವುದು ಬಂಡೆ. ಶರಾವತಿ ನೀರು ಮೇಲೆ ಲಿಂಗನಮಕ್ಕಿಯಲ್ಲಿ ನಿಂತಿರುತ್ತದೆ, 253 ಮೀಟರ್ ಎತ್ತರದಿಂದ ಬೀಳುವುದು ಒಂದೆರಡು ಎಳೆ ಅಷ್ಟೇ. ಅದು ಜಲಪಾತ ಅನ್ನಿಸಿಕೊಳ್ಳುವುದು ಜುಲೈ, ಆಗಸ್ಟ್‌ನಲ್ಲಿ. ಬಾದಾಮಿ, ಹಂಪಿ, ವಿಜಯಪುರದ ಕಲ್ಲಿನ ಮೇಲೆ ಮೇ ತಿಂಗಳಲ್ಲಿ ಮಕ್ಕಳನ್ನು ಬರಿಗಾಲಲ್ಲಿ ನಡೆಸಲು ಆಗುತ್ತದೆಯೇ? ಬಾದಾಮಿಯ ಬನಶಂಕರಿ ಜಾತ್ರೆ ಬರುವುದು ಪುಷ್ಯ ಮಾಸದ ಹುಣ್ಣಿಮೆಗೆ, ಅಂದರೆ ಹೆಚ್ಚುಕಡಿಮೆ ಜನವರಿಯಲ್ಲಿ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದೂ ಪರೀಕ್ಷೆ ಹತ್ತಿರವಾಗುವ ಫೆಬ್ರವರಿ–ಮಾರ್ಚ್‌ನಲ್ಲಿ. ಅಜ್ಜಿ ಊರಿನ ಜಾತ್ರೆ ಅಂತ ಮಕ್ಕಳನ್ನು ಕರೆದುಕೊಂಡು ಹೋಗುವವರು ತಲೆತಲಾಂತರದಿಂದ ಹೋಗುತ್ತಲೇ ಇದ್ದಾರೆ, ಅವರನ್ನು ಯಾವ ಸುತ್ತೋಲೆಯೂ ತಡೆದಿಲ್ಲ. ತಡೆಯಬಾರದು ಅಂತಲೇ ನಾನೂ ಹೇಳುತ್ತೇನೆ.

ಈಗ ನಮ್ಮ ಆರು ದಿನಗಳ ವಿಷಯ. ಗೋಲಗುಂಬಜ್ ಎಕ್ಸ್‌ಪ್ರೆಸ್‌ಗೆ ಸ್ಲೀಪರ್ ಟಿಕೆಟ್ ಸಿಕ್ಕಿತು. ಮಧ್ಯಾಹ್ನ ಮೈಸೂರಿನಲ್ಲಿ ಹತ್ತಿ ಮಾರನೇ ಬೆಳಗ್ಗೆ ಬಾದಾಮಿಯಲ್ಲಿ ಇಳಿದೆವು. ಮೊದಲನೇ ಗುಹೆಯ ಹತ್ತಿರ ಕುಣಿಯುವ ಶಿವನಿದ್ದಾನೆ. ಅವನಿಗೆ ಹದಿನೆಂಟು ಕೈ. ಮಗ ಎಣಿಸಿದ, ಹದಿನಾರೇ ಬಂತು. ಅವರಪ್ಪ ಎತ್ತಿಕೊಂಡು ನಿಂತರು, ಮತ್ತೆ ಎಣಿಸಿದ. ಒಂಬತ್ತು ವರ್ಷದ ಹುಡುಗನನ್ನು ಎತ್ತಿಕೊಳ್ಳುವುದು ಬೇಕಿರಲಿಲ್ಲ, ಶಿಲ್ಪ ಕೆಳಗಿನಿಂದಲೇ ಚೆನ್ನಾಗಿ ಕಾಣುತ್ತದೆ. ಆದರೂ ಎತ್ತಿಕೊಂಡರು, ಅವನೂ ಇಳಿಯುತ್ತೇನೆ ಅನ್ನಲಿಲ್ಲ.

ಅಲ್ಲಿಂದ ಪಟ್ಟದಕಲ್ಲು, ಐಹೊಳೆಗೆ ಸರ್ಕಾರಿ ಬಸ್ಸಿನಲ್ಲೇ ಹೋದೆವು. ಶಕ್ತಿ ಯೋಜನೆಯಿಂದ ನನಗೂ ಮಗಳಿಗೂ ಟಿಕೆಟ್ ದುಡ್ಡಿಲ್ಲ, ಮಗನಿಗೆ ಅರ್ಧ, ಅವರಿಗೊಂದು ಪೂರ್ತಿ. 2023ರ ಜೂನ್‌ನಲ್ಲಿ ಆ ಯೋಜನೆ ಬರದಿದ್ದರೆ ನಾವು ಇಷ್ಟು ಸುತ್ತುತ್ತಿದ್ದೆವೋ ಇಲ್ಲವೋ, ಅದಕ್ಕೆ ಸರ್ಕಾರಕ್ಕೆ ಮನಸಾರೆ ಧನ್ಯವಾದ ಹೇಳುತ್ತೇನೆ. ಮಗಳಿಗೆ ಆಗ ಎಂಟನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಬಾದಾಮಿಯ ಚಾಲುಕ್ಯರು, ಕಂಚಿಯ ಪಲ್ಲವರ ಪಾಠ ಇತ್ತು. ಇಸವಿಗಳೆಲ್ಲ ಬಾಯಿಪಾಠ. ಆದರೆ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ವಿರೂಪಾಕ್ಷ ದೇವಸ್ಥಾನ ಕಟ್ಟಿಸಿದ್ದು ಅವನ ರಾಣಿ ಲೋಕಮಹಾದೇವಿ, ಪಕ್ಕದ ಮಲ್ಲಿಕಾರ್ಜುನ ಗುಡಿ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು ಅಂತ ಅಲ್ಲಿ ಗೊತ್ತಾದಾಗ ಅವಳು ಎರಡೂ ಗುಡಿಗಳ ಮಧ್ಯೆ ತುಂಬಾ ಹೊತ್ತು ನಿಂತಳು. ‘ಇಬ್ಬರೂ ಅಕ್ಕತಂಗಿಯರಂತೆ ಅಮ್ಮ, ಅಕ್ಕಪಕ್ಕದಲ್ಲೇ ಕಟ್ಟಿಸಿದ್ದಾರೆ’ ಅಂದಳು. ನನಗೆ ಓದು ಹತ್ತನೇ ತರಗತಿವರೆಗೆ. ನನಗೆ ಅವಳೇ ಪಾಠ ಹೇಳಿದಳು.

ಆದರೆ ‘ಪ್ರವಾಸದಿಂದ ಮಕ್ಕಳು ಕಲಿಯುತ್ತಾರೆ, ಆದ್ದರಿಂದ ರಜೆ ಕೊಡಿ’ ಅಂತ ನಾನು ವಾದ ಮಾಡುವುದಿಲ್ಲ. ಅವರು ಏನೂ ಕಲಿಯದಿದ್ದರೂ ನಾನು ಇದೇ ಪತ್ರ ಬರೆಯುತ್ತಿದ್ದೆ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಬಾದಾಮಿಯ ಒಂದು ಖಾನಾವಳಿ. ನಾಲ್ಕೂ ಜನ ಸಾಲಾಗಿ ಕೂತಿದ್ದೆವು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಬಡಿಸುವ ಅಕ್ಕ ನಮ್ಮ ಯಜಮಾನರಿಗೆ ‘ಇನ್ನೊಂದ್ ರೊಟ್ಟಿ ತಗೋರಿ’ ಅಂತ ಒತ್ತಾಯ ಮಾಡುತ್ತಿದ್ದರು. ವರ್ಷಪೂರ್ತಿ ಸಾವಿರಾರು ಜನಕ್ಕೆ ಬಡಿಸುವ ಮನುಷ್ಯ ಕೂತು ಬಡಿಸಿಕೊಂಡು ತಿನ್ನುವುದನ್ನು ನಮ್ಮ ಮಕ್ಕಳು ಯಾವತ್ತೂ ನೋಡಿರಲಿಲ್ಲ. ಊಟ ಆದ ಮೇಲೆ ಅವರು ಕೇಳಿಕೊಂಡು ಒಳಗೆ ಹೋಗಿ, ರೊಟ್ಟಿ ಬಡಿಯುವ ಅಜ್ಜಿಯ ಪಕ್ಕ ಕೂತು, ಹಿಟ್ಟು ಯಾಕೆ ಬಿಸಿನೀರಿನಲ್ಲೇ ನಾದಬೇಕು ಅಂತ ಮಕ್ಕಳಿಬ್ಬರಿಗೂ ವಿವರಿಸಿದರು. ಅಪ್ಪನ ಕೆಲಸ ಏನು ಅಂತ ಮಗ ಮೊದಲ ಸಲ ಕೇಳಿದ್ದು ಅಲ್ಲಿ. ಆ ಅಜ್ಜಿ ಅವನ ಕೈಗೂ ಒಂದು ಹಿಟ್ಟಿನ ಮುದ್ದೆ ಕೊಟ್ಟರು. ಅವನು ಬಡಿದ ರೊಟ್ಟಿ ಹರಿದು ಹೋಯಿತು. ಅದನ್ನೇ ಸುಟ್ಟು ಕೊಟ್ಟರು, ಅವರಪ್ಪ ತಿಂದರು.

ಈಗ ಆ ಪತ್ರದ ವಿಷಯಕ್ಕೆ ಬರುತ್ತೇನೆ.

ಹೋಗುವ ಮುಂಚೆಯೇ ನಾನು ಶಾಲೆಗೆ ಹೋಗಿ ಕೇಳಿದ್ದೆ. ನಿಜವಾದ ಕಾರಣ ಬರೆದ ಪತ್ರ ಕೈಯಲ್ಲಿತ್ತು. ಎಫ್‌.ಎ. (ವರ್ಷದ ನಡುವೆ ಶಾಲೆಯಲ್ಲೇ ಮಾಡುವ ಮೌಲ್ಯಮಾಪನ) ಇಲ್ಲ, ಪರೀಕ್ಷೆ ಇಲ್ಲ, ಇವರಪ್ಪನಿಗೆ ಈಗ ಬಿಟ್ಟರೆ ರಜೆ ಸಿಗುವುದಿಲ್ಲ ಅಂತ ಬರೆದಿದ್ದೆ. ಕ್ಲಾಸ್ ಟೀಚರ್ ಓದಿದರು, ಮುಖ್ಯ ಶಿಕ್ಷಕರ ಹತ್ತಿರ ಹೋಗಿ ಬಂದರು. ‘ನೋಡಿ ಅಮ್ಮ, ಇದನ್ನು ನಾವು ಫೈಲ್‌ನಲ್ಲಿ ಇಟ್ಟುಕೊಳ್ಳೋಕೆ ಆಗಲ್ಲ. ಟೂರ್‌ಗೆ ಅಂತ ಪರ್ಮಿಷನ್ ಕೊಟ್ಟರೆ ನಾಳೆ ಇಡೀ ಕ್ಲಾಸ್ ಕೇಳುತ್ತೆ. ನೀವು ಹೋಗಿ ಬನ್ನಿ. ಬಂದ ಮೇಲೆ ಜ್ವರ ಇತ್ತು ಅಂತ ಬರೆದುಕೊಡಿ, ಮೂರು ದಿನಕ್ಕಿಂತ ಜಾಸ್ತಿ ಆದರೆ ಡಾಕ್ಟರ್ ಚೀಟಿ ಬೇಕು’ ಅಂದರು. ಅವರು ಕೆಟ್ಟವರಲ್ಲ. ನಮಗೆ ಸಹಾಯ ಮಾಡಬೇಕು ಅಂತಲೇ ಹಾಗೆ ಹೇಳಿದರು, ಅವರ ಮುಂದೆ ಬೇರೆ ದಾರಿ ಇರಲಿಲ್ಲ. ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು.

ಬಂದ ದಿನ ರಾತ್ರಿ ನಾನು ಬರೆದೆ. ‘ನನ್ನ ಮಗಳಿಗೆ ಮತ್ತು ಮಗನಿಗೆ ವಿಪರೀತ ಜ್ವರ ಇದ್ದುದರಿಂದ.’ ಮಕ್ಕಳು ತರಗತಿಯಲ್ಲಿ ಬಾಯಿಬಿಡಬಾರದು ಅಂತ ಹೇಳಿಕೊಟ್ಟೆ. ಗೋಲಗುಮ್ಮಟದಲ್ಲಿ ಒಂದು ಕಡೆ ಪಿಸುಗುಟ್ಟಿದರೆ ಆ ಕಡೆ ಗೋಡೆಯ ಹತ್ತಿರ ಕೇಳಿಸಿದ್ದನ್ನು ಗೆಳೆಯರಿಗೆ ಹೇಳಬೇಕು ಅಂತ ಮಗ ರೈಲಿನಲ್ಲಿ ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡಿದ್ದ. ‘ಹೇಳಬೇಡ ಕಣೋ, ಟೀಚರ್‌ಗೆ ತೊಂದರೆ ಆಗುತ್ತೆ’ ಅಂದೆ. ಅವನು ಹೇಳಲಿಲ್ಲ. ಸುಳ್ಳು ಹೇಳಬಾರದು ಅಂತ ನಾನೇ ಬೈಯುತ್ತಿದ್ದ ಮಕ್ಕಳಿಗೆ ನಾನೇ ಕೂತು ಸುಳ್ಳು ಹೇಳಿಕೊಟ್ಟೆ. ಅದೂ ಯಾವ ತಪ್ಪನ್ನು ಮುಚ್ಚಲು? ಅಪ್ಪನ ಜೊತೆ ಊರು ನೋಡಿದ್ದನ್ನು ಮುಚ್ಚಲು. ಇದು ನನಗೆ ಆಗಲ್ಲ ಸಾರ್. ಇನ್ನೊಂದು ಸಲ ಆಗಲ್ಲ.

ವಾಪಸ್ ಬರುವ ರೈಲಿನಲ್ಲಿ ನಡೆದ ಒಂದು ಸಂಗತಿಯನ್ನೂ ಹೇಳಲೇಬೇಕು, ಹೇಳದಿದ್ದರೆ ಈ ಪತ್ರ ಪೂರ್ತಿ ಆಗುವುದಿಲ್ಲ. ಬಾಗಲಕೋಟೆಯಲ್ಲಿ ಒಂದು ಕುಟುಂಬ ಹತ್ತಿತು. ಗಂಟು, ಪಾತ್ರೆ, ಕೊಡ, ಜೋಳದ ಚೀಲ. ಜನರಲ್ ಬೋಗಿಯಲ್ಲಿ ಜಾಗವಿಲ್ಲದೆ ನಮ್ಮ ಬೋಗಿಯ ಬಾಗಿಲ ಹತ್ತಿರ ಕೂತಿದ್ದರು. ನನ್ನ ಮಗಳ ವಯಸ್ಸಿನದೇ ಒಂದು ಹುಡುಗಿ, ಮಡಿಲಲ್ಲಿ ತಮ್ಮ. ಮಗಳು ಕೈತೊಳೆಯಲು ಹೋದವಳು ಮಾತಾಡಿಸಿದಳು. ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೊರಟಿದ್ದರಂತೆ. ಶಾಲೆ ಅಂದರೆ, ‘ಸಾಲ್ಯಾಗ ಹೇಳಿ ಬಂದಿಲ್ಲ’ ಅಂದಳಂತೆ ಆ ಹುಡುಗಿ. ಯಾವಾಗ ವಾಪಸ್ ಅಂತ ಅವಳಿಗೂ ಗೊತ್ತಿರಲಿಲ್ಲ.

ನಾನು ಅವತ್ತಿನಿಂದ ಇದನ್ನೇ ಯೋಚಿಸುತ್ತಿದ್ದೇನೆ. ಗುಳೆ ಹೊರಟ ಆ ಹುಡುಗಿಯ ಹೆಸರಿನ ಮುಂದೆ ಅವಳ ಶಾಲೆಯ ಹಾಜರಿ ಪುಸ್ತಕದಲ್ಲಿ ‘ಗೈರು’ ಅಂತ ಬೀಳುತ್ತದೆ. ನಿಜವಾಗಿ ಜ್ವರ ಬಂದು ಮಲಗಿದ ಮಗುವಿಗೂ ‘ಗೈರು’. ರೊಟ್ಟಿ ತಿಂದು ಗುಡಿ ನೋಡಿ ಬಂದ ನನ್ನ ಮಕ್ಕಳಿಗೂ ‘ಗೈರು’, ಜೊತೆಗೆ ಒಂದು ಸುಳ್ಳು ಚೀಟಿ. ಪುಸ್ತಕ ನೋಡಿದರೆ ಮೂವರೂ ಒಂದೇ. ನನ್ನ ಮಕ್ಕಳು ಊರು ಸುತ್ತಿ ವಾಪಸ್ ಬರುತ್ತಾರೆ, ಅವರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆ ಹುಡುಗಿಯನ್ನು ಮಾತ್ರ ಯಾರಾದರೂ ಹುಡುಕಿಕೊಂಡು ಹೋಗಬೇಕು, ಬೆಂಗಳೂರಿನಲ್ಲಿ ಆ ಕಟ್ಟಡದ ಹತ್ತಿರದ ಶಾಲೆಗೆ ಸೇರಿಸಬೇಕು. ನಾವೆಲ್ಲ ಸುಳ್ಳು ಕಾರಣ ಬರೆದು ಪುಸ್ತಕ ತುಂಬಿಸಿದರೆ, ಯಾವ ಮಗು ನಿಜವಾಗಿ ಕೈತಪ್ಪುತ್ತಿದೆ ಅಂತ ನಿಮಗೆ ಗೊತ್ತಾಗುವುದಾದರೂ ಹೇಗೆ? ನಿಜ ಬರೆಯುವ ಅವಕಾಶ ಕೊಡಿ ಅಂತ ನಾನು ಕೇಳುವುದು ನನ್ನ ಸಮಾಧಾನಕ್ಕೆ ಮಾತ್ರ ಅಲ್ಲ.

ಕಾನೂನು ನನಗೆ ತಿಳಿದಷ್ಟು ಓದಿದ್ದೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಬೇಕು. ಅದು ಶಾಲೆ ನಡೆಸುವವರಿಗೆ ಹಾಕಿದ ಲೆಕ್ಕ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಲು ಶೇ 75 ಹಾಜರಿ ಬೇಕು. 220 ದಿನದಲ್ಲಿ ಅದು 165 ದಿನ. ಅಷ್ಟು ಸಡಿಲ ಇರುವಾಗ ನಾನು 55 ದಿನ ಕೇಳುತ್ತಿಲ್ಲ, ಕೇಳಲೂಬಾರದು. ವರ್ಷಕ್ಕೆ ಐದು ದಿನ ಕೇಳುತ್ತಿದ್ದೇನೆ. ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ, ಆಮೇಲೆ ಶನಿವಾರ ಇಡೀ ದಿನ ತರಗತಿ ಮಾಡಿ ಸರಿದೂಗಿಸುತ್ತಾರೆ. ಕಳೆದ ವರ್ಷ ಸರ್ಕಾರದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಬೇಕು ಅಂತ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆ ಅಕ್ಟೋಬರ್ 18ರವರೆಗೆ ಮುಂದೆ ಹೋಯಿತು. ಅದರ ಸರಿತಪ್ಪು ಈ ಪತ್ರದ ವಿಷಯವಲ್ಲ. ಶಾಲೆಯ ದಿನಗಳು ಅಗತ್ಯಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತವೆ ಅನ್ನುವುದಷ್ಟೇ ನನ್ನ ಮಾತು. ಒಂದು ಮನೆಯ ಅಗತ್ಯಕ್ಕೂ ಐದು ದಿನ ಹೊಂದಿಕೊಳ್ಳಲಿ.

ಹಾಗಂತ ಲಂಗುಲಗಾಮು ಇಲ್ಲದೆ ಬಿಟ್ಟುಬಿಡಿ ಅಂತಲೂ ಅಲ್ಲ. ನನ್ನ ಚಿಕ್ಕಮ್ಮನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿ 2013ರವರೆಗೆ ಮುಖ್ಯ ಶಿಕ್ಷಕರು ವಿಶೇಷ ಸಂದರ್ಭದಲ್ಲಿ ಹತ್ತು ದಿನದವರೆಗೆ ಇಂಥ ರಜೆ ಕೊಡಬಹುದಿತ್ತಂತೆ. ಆಮೇಲೆ ಅದನ್ನು ತೆಗೆದರು. ಮಗಳನ್ನು ಶಾಲೆ ಬಿಡಿಸಿ ಫ್ಲಾರಿಡಾಗೆ ಕರೆದುಕೊಂಡು ಹೋದ ಒಬ್ಬ ತಂದೆಯ ಕೇಸು ಅಲ್ಲಿನ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2017ರಲ್ಲಿ ತೀರ್ಪು ಅವರ ವಿರುದ್ಧ ಬಂತು. ಈಗ ದಂಡ ಒಂದು ಮಗುವಿಗೆ ಅಪ್ಪನಿಗೆ 80 ಪೌಂಡ್, ಅಮ್ಮನಿಗೆ 80 ಪೌಂಡ್, 21 ದಿನದಲ್ಲಿ ಕಟ್ಟದಿದ್ದರೆ ಡಬಲ್. ಅಜ್ಜ ಅಜ್ಜಿ ನೋಡಲು ಮೈಸೂರಿಗೆ ಬರಬೇಕಾದರೆ ಅವಳು ಆರು ವಾರದ ಬೇಸಿಗೆ ರಜೆಯನ್ನೇ ಕಾಯಬೇಕು, ಆಗ ವಿಮಾನದ ಟಿಕೆಟ್ ಕೈಸುಡುತ್ತದೆ. ಪಕ್ಕದ ವೇಲ್ಸ್‌ನಲ್ಲಿ ಮಾತ್ರ ಮುಖ್ಯ ಶಿಕ್ಷಕರು ತಮ್ಮ ವಿವೇಚನೆಯಿಂದ ಹತ್ತು ದಿನದವರೆಗೆ ಒಪ್ಪಿಗೆ ಕೊಡಬಹುದು. ನಮಗೆ ದಂಡದ ದಾರಿ ಬೇಡ. ಮಗುವನ್ನು ಬಲ್ಲ ಮುಖ್ಯ ಶಿಕ್ಷಕರ ಕೈಗೆ ಅಧಿಕಾರ ಕೊಡುವ ದಾರಿ ಒಳ್ಳೆಯದು ಅಂತ ನನಗನ್ನಿಸುತ್ತದೆ.

ಇಲಾಖೆಯಿಂದ ಒಂದು ಸುತ್ತೋಲೆ ಬಂದರೆ ಸಾಕು. ಒಂದರಿಂದ ಒಂಬತ್ತನೇ ತರಗತಿವರೆಗೆ ವರ್ಷಕ್ಕೆ ಐದು ದಿನ ‘ಕುಟುಂಬ ರಜೆ’. ಎರಡು ವಾರ ಮುಂಚೆ ಅರ್ಜಿ, ನಿಜವಾದ ಕಾರಣ. ಪರೀಕ್ಷೆ, ಎಫ್‌.ಎ. ಇರುವ ವಾರ ಬೇಡ. ಮಗು ಮೊದಲೇ ಜಾಸ್ತಿ ದಿನ ತಪ್ಪಿಸಿಕೊಂಡಿದ್ದರೆ, ಓದಿನಲ್ಲಿ ಹಿಂದೆ ಬಿದ್ದಿದ್ದರೆ ಮುಖ್ಯ ಶಿಕ್ಷಕರು ಇಲ್ಲ ಅನ್ನಬಹುದು, ನಾವು ಜಗಳ ಆಡುವುದಿಲ್ಲ. ಹಾಜರಿ ಪುಸ್ತಕದಲ್ಲೂ, ಕಂಪ್ಯೂಟರ್‌ನಲ್ಲೂ ಅದಕ್ಕೆ ಬೇರೆ ಗುರುತು ಇರಲಿ. ಡಾಕ್ಟರ್ ಚೀಟಿ ಕೇಳುವುದು ಬೇಡ, ಆರೋಗ್ಯವಾಗಿರುವ ಮಗುವಿಗೆ ಚೀಟಿ ಬರೆದುಕೊಡಿ ಅಂತ ಡಾಕ್ಟರ ಮುಂದೆ ನಿಲ್ಲುವ ನಾಚಿಕೆ ಯಾವ ತಾಯಿಗೂ ಬೇಡ.

ಶಿಕ್ಷಕರ ಕಷ್ಟವೂ ನನಗೆ ಗೊತ್ತು. ನಲವತ್ತು ಮಕ್ಕಳಲ್ಲಿ ದಿನಾ ಇಬ್ಬರು ಮೂವರು ಇಲ್ಲದಿದ್ದರೆ ಭಿನ್ನರಾಶಿ ಹೇಳಿಕೊಟ್ಟ ದಿನ ಒಬ್ಬನಿಲ್ಲ, ಮಾರನೇ ದಿನ ಇನ್ನೊಬ್ಬಳಿಲ್ಲ. ಮತ್ತೆ ಮೊದಲಿಂದ ಹೇಳಿ ಅಂತ ಕೇಳುವ ಹಕ್ಕು ನಮಗಿಲ್ಲ. ತಪ್ಪಿದ ಪಾಠ ಬರೆಸುವುದು, ಲೆಕ್ಕ ಮಾಡಿಸುವುದು ಕರೆದುಕೊಂಡು ಹೋದವರ ಜವಾಬ್ದಾರಿ. ನಮ್ಮ ಮಗಳು ಗೆಳತಿಯ ನೋಟ್ಸ್ ತಂದು ಎರಡು ಭಾನುವಾರ ಕೂತು ಬರೆದುಕೊಂಡಳು. ಮಗನಿಗೆ ಭಾಗಾಕಾರ ನಾನೇ ಹೇಳಿಕೊಟ್ಟೆ, ನನಗೆ ಆಗದಿದ್ದ ಕಡೆ ಅವನ ಅಕ್ಕ. ಮನೆಯಲ್ಲಿ ಹೇಳಿಕೊಡುವವರು ಇಲ್ಲದ ಮಕ್ಕಳೂ ಇದ್ದಾರೆ. ಅಂಥ ಮಗುವಿಗೆ ಐದು ದಿನ ಅಂದರೆ ನಿಜಕ್ಕೂ ಜಾಸ್ತಿಯೇ. ಅದಕ್ಕೇ ಈ ತೀರ್ಮಾನ ಶಾಲೆಯಲ್ಲೇ ಆಗಲಿ, ಮೇಲಿನಿಂದ ಎಲ್ಲರಿಗೂ ಒಂದೇ ಉತ್ತರ ಬೇಡ ಅನ್ನುವುದು.

ಇಡೀ ಕ್ಲಾಸ್ ಕೇಳುತ್ತೆ ಅನ್ನುವ ಭಯ ಇದೆಯಲ್ಲ, ಅದಕ್ಕೆ ನನ್ನ ಉತ್ತರ ಇಷ್ಟು. ಹೋಗುವವರು ಈಗಲೂ ಹೋಗುತ್ತಿದ್ದಾರೆ, ಕಾರಣ ಮಾತ್ರ ಬೇರೆ ಬರೆಯುತ್ತಿದ್ದಾರೆ. ಸುತ್ತೋಲೆ ಬಂದರೆ ಹೋಗುವವರ ಸಂಖ್ಯೆ ಹೆಚ್ಚುವುದಕ್ಕಿಂತ ಮೊದಲು ಸುಳ್ಳು ಚೀಟಿಗಳು ಕಡಿಮೆಯಾಗುತ್ತವೆ. ಐದು ದಿನ ಅಂತ ಒಂದು ಗೆರೆ ಇದ್ದರೆ, ಹತ್ತು ದಿನ ಹೋಗಬೇಕು ಅಂದುಕೊಂಡವರೂ ಐದಕ್ಕೆ ನಿಲ್ಲಬಹುದು.

ಈ ವರ್ಷ ಆಗಸ್ಟ್‌ನಲ್ಲಿ ಯಜಮಾನರಿಗೆ ನಾಲ್ಕು ದಿನ ರಜೆ ಸಿಗಬಹುದು ಅಂತ ಮ್ಯಾನೇಜರ್ ಹೇಳಿದ್ದಾರಂತೆ. ಮಳೆಗಾಲದಲ್ಲಿ ಲಾಡ್ಜು ಖಾಲಿ. ಮಕ್ಕಳಿಗೆ ಜೋಗ ನೋಡಬೇಕಂತೆ, ತುಂಬಿ ಬೀಳುವಾಗ. ಮಗನಿಗೆ ಅಲ್ಲಿ ಮಂಜು ಸರಿಯುವವರೆಗೂ ಕಾಯಬೇಕಾಗುತ್ತೆ ಅಂತ ಹೇಳಿದ್ದೇನೆ, ಕಾಯುತ್ತೇನೆ ಅಂದಿದ್ದಾನೆ. ಹೊರಡುವ ಎರಡು ವಾರ ಮುಂಚೆ ನಾನು ಶಾಲೆಗೆ ಹೋಗಿ ಪತ್ರ ಕೊಡುತ್ತೇನೆ. ಅದರಲ್ಲಿ ‘ಜೋಗ ನೋಡಲು, ತಂದೆಯ ಜೊತೆ’ ಅಂತ ಇರುತ್ತದೆ. ಡಾಕ್ಟರ್ ಚೀಟಿ ಇರುವುದಿಲ್ಲ. ಅಷ್ಟರೊಳಗೆ ಆ ಪತ್ರವನ್ನು ಫೈಲಿನಲ್ಲಿ ಇಟ್ಟುಕೊಳ್ಳಲು ನಮ್ಮ ಟೀಚರ್‌ಗೆ ನೀವು ಒಂದು ದಾರಿ ಮಾಡಿಕೊಟ್ಟಿದ್ದರೆ ದೊಡ್ಡ ಉಪಕಾರವಾಗುತ್ತದೆ.

ಇಂತಿ,
ಇಬ್ಬರು ಮಕ್ಕಳ ತಾಯಿ, ಮೈಸೂರು